ಬೆರಳುದ್ದದ ತಂತಿ

ಸರಕು ಕೊಳ್ಳುವವನ ಕಣ್ಣಿನಿಂದ ನೋಡಿದರೆ ಅರ್ಧರೇಟು ಮೇಲ್ನೋಟಕ್ಕೆ ಒಳ್ಳೆಯ ಮಾಲು. ಎತ್ತರ ಬೇಕಾದಷ್ಟಿತ್ತು, ಸ್ಟೂಲಿನ ಮೇಲೆ ನಿಂತರೆ ಸಾಕು, ಫ್ಯಾನಿನ ಕೊಕ್ಕೆ ಕೈಗೆ ಸಿಗುತ್ತಿತ್ತು. ತೂಕ ಕಡಿಮೆ, ತಗಡಿನ ಮಾಡಿನ ಮೇಲೆ ಓಡಾಡಿದರೂ ತಗಡು ಬಗ್ಗುತ್ತಿರಲಿಲ್ಲ. ಹಲ್ಲು ಗಟ್ಟಿ; ತಂತಿಯ ಸಿಪ್ಪೆಯನ್ನು ಹಲ್ಲಿನಲ್ಲೇ ಸುಲಿಯುತ್ತಿದ್ದ. ಹೇಳಿದ ಹೊತ್ತಿಗೆ ಬರುತ್ತಿದ್ದ, ಚಪ್ಪಲಿ ಹೊರಗೆ ಬಿಡುತ್ತಿದ್ದ, ಗೋಡೆ ಕೊರೆದ ಪುಡಿಯನ್ನು ತಾನೇ ಗುಡಿಸಿ ತಾನೇ ಎತ್ತುತ್ತಿದ್ದ. ಇಷ್ಟನ್ನೂ ತಕ್ಕಡಿಯ ಒಂದು ತಟ್ಟೆಯಲ್ಲಿ ಹಾಕಿ, ಇನ್ನೊಂದರಲ್ಲಿ ಅವನು ಕಲಿತ ವಿದ್ಯೆಯನ್ನು ಹಾಕಿದರೆ ಮಾತ್ರ ತಕ್ಕಡಿಗೇ ನಾಚಿಕೆಯಾಗುವಂತಿತ್ತು. ಆದರೆ ಆ ಎರಡನೆಯ ತಟ್ಟೆಯ ಕಡೆ ಯಾರೂ ನೋಡುತ್ತಿರಲಿಲ್ಲ. ಎಲ್ಲರೂ ಕೇಳುತ್ತಿದ್ದುದು "ಎಷ್ಟಾಗುತ್ತೆ?" ಎಂದು. ಬೇರೆಯವರು ಹೇಳಿದ್ದರಲ್ಲಿ ಅವನು ಅರ್ಧ ಹೇಳುತ್ತಿದ್ದ. ಹೆಸರು ಹಾಗೆ ಅಂಟಿಕೊಂಡಿತು. ಹೆಂಡತಿ ಕೂಡ ಸಿಟ್ಟು ಬಂದಾಗ ಅದೇ ಹೆಸರಿನಿಂದ ಕರೆಯುತ್ತಿದ್ದಳು.

ಅವನು ಕೂರುತ್ತಿದ್ದುದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯೊಂದರ ಮೆಟ್ಟಿಲ ಮೇಲೆ. ಅಂಗಡಿಯವನು ಎಂದರೆ ಇದನ್ನು ಬರೆಯುತ್ತಿರುವವನು. ಅದೇ ಮೆಟ್ಟಿಲ ಇನ್ನೊಂದು ತುದಿಯಲ್ಲಿ ಲೈಸೆನ್ಸ್ ಇದ್ದ ಹಿರಿಯ ವೈರ್‌ಮನ್ ಒಬ್ಬರು ಕೂರುತ್ತಿದ್ದರು. ಅವರನ್ನು ಎಲ್ಲರೂ ಸರ್ಟಿಫಿಕೇಟ್ ಸಾಹೇಬರು ಅನ್ನುತ್ತಿದ್ದರು. ಗಿರಾಕಿ ಬಾಯಿ ಬಿಡುವ ಮುಂಚೆಯೇ ಅವರು, "ಮೊದ್ಲು ಮನೆ ಹಿಂದೆ ಗುಂಡಿ ತೋಡಿಸಿ, ಅರ್ತ್ ಪೈಪ್ ಹೂಳಬೇಕು. ಆಮೇಲೆ ಮಿಕ್ಕಿದ್ದು" ಅನ್ನುತ್ತಿದ್ದರು. ಒಂದು ಸ್ವಿಚ್ ಹಾಕಿಸಲು ಬಂದವನಿಗೆ ಗುಂಡಿ ತೋಡು ಎಂದರೆ ಅವನು ನಿಲ್ಲುತ್ತಾನೆಯೇ? ಗಿರಾಕಿ ಅಂಗಡಿಯವನ ಮುಖ ನೋಡುತ್ತಿದ್ದ, ಅಂಗಡಿಯವನು ಗದ್ದ ಎತ್ತಿ ಮೆಟ್ಟಿಲ ಈ ತುದಿಯನ್ನು ತೋರಿಸುತ್ತಿದ್ದ. ಕೂಲಿಯಲ್ಲಿ ಉಳಿದದ್ದನ್ನು ಗಿರಾಕಿ ಬಣ್ಣದ ಗಾಜಿನ ದೀಪಕ್ಕೆ ಸುರಿಯುತ್ತಾನೆ ಎಂಬುದು ಅಂಗಡಿಯವನಿಗೆ ಚೆನ್ನಾಗಿ ಗೊತ್ತಿತ್ತು.

ಅರ್ಧರೇಟು ಕಸುಬು ಕಲಿತದ್ದು ಸಮಾರಂಭಗಳಿಗೆ ಸೀರಿಯಲ್ ಸೆಟ್ ಕಟ್ಟುತ್ತ. ಹಳದಿ ಬಣ್ಣದ ಸಣ್ಣ ತಂತಿಯಲ್ಲಿ ಪುಟಾಣಿ ದೀಪಗಳ ಸರ; ಸಂಜೆ ಕಟ್ಟು, ಬೆಳಿಗ್ಗೆ ಬಿಚ್ಚು. ಆ ಕೆಲಸಕ್ಕೆ ಎರಡು ತಂತಿ ಸಾಕು. ಒಂದರಲ್ಲಿ ಕರೆಂಟು ಬರುತ್ತದೆ, ಇನ್ನೊಂದರಲ್ಲಿ ವಾಪಸ್ಸು ಹೋಗುತ್ತದೆ. ಸಾಕೆಟ್ಟಿನಲ್ಲಿ ಮೇಲೆ ಇರುವ ಮೂರನೆಯ ದಪ್ಪ ತೂತಿಗೆ ಸೀರಿಯಲ್ ಸೆಟ್ಟಿನವರು ಏನೂ ತುರುಕುವುದಿಲ್ಲ. ಅದು ಅಂದಕ್ಕೆ ಇರುವುದು ಎಂದೇ ಅವನು ತಿಳಿದಿದ್ದ. ಹತ್ತು ವರ್ಷ ಹಾಗೆ ತಿಳಿದವನು ಮನೆಗಳ ವೈರಿಂಗಿಗೆ ಕೈ ಹಾಕಿದಾಗಲೂ ಆ ತಿಳಿವಳಿಕೆಯನ್ನು ಹೊರಗೆ ಬಿಟ್ಟು ಬರಲಿಲ್ಲ.

ಆ ತೂತಿನ ಪ್ರಶ್ನೆ ಎದ್ದದ್ದು ಟೈಪಿಂಗ್ ಟೀಚರ್ ಮನೆಯಲ್ಲಿ. ಅರ್ಧ ಊರಿಗೆ ಟೈಪಿಂಗ್ ಕಲಿಸಿದ ಹೆಂಗಸು ಅವರು. ಟೈಪ್‌ರೈಟರ್ ಮಾರಿ ವರ್ಷಗಳಾಗಿದ್ದರೂ ಬೆರಳು ಸುಮ್ಮನಿರುತ್ತಿರಲಿಲ್ಲ. ಮಾತಾಡುವಾಗ ಮೇಜಿನ ಮೇಲೋ, ಗೋಡೆಯ ಮೇಲೋ, ಏನೂ ಸಿಗದಿದ್ದರೆ ತಮ್ಮದೇ ಮೊಣಕೈ ಮೇಲೋ ಟಕಟಕ ಆಡುತ್ತಿದ್ದವು. ಆಡಿದ ಮಾತಿಗೆಲ್ಲ ಅಲ್ಲೇ ಒಂದು ಪ್ರತಿ ತೆಗೆಯುತ್ತಿರುವ ಹಾಗೆ. ಆ ಬೆರಳುಗಳ ಗೆಣ್ಣು ಊದಿಕೊಂಡು ಬಟ್ಟೆ ಹಿಂಡಲು ಆಗದೆ ಅವರು ವಾಷಿಂಗ್ ಮೆಷಿನ್ ತರಿಸಿದರು. ಬಚ್ಚಲ ಪಕ್ಕ ಹೊಸ ಸಾಕೆಟ್ ಹಾಕಿದ್ದು ಅರ್ಧರೇಟು.

ಮೆಷಿನ್ ಕೂರಿಸಲು ಬಂದ ಕಂಪನಿಯವನು ಚೀಲದಿಂದ ಒಂದು ಬಲ್ಬು ಹೊರಗೆ ತೆಗೆದ. ಅದರ ಹೋಲ್ಡರಿನಿಂದ ಎರಡು ತಂತಿ ಜೋಲುತ್ತಿದ್ದವು. ಒಂದನ್ನು ಕರೆಂಟು ಬರುವ ತೂತಿಗೆ, ಇನ್ನೊಂದನ್ನು ಮೇಲಿನ ದಪ್ಪ ತೂತಿಗೆ ಇಟ್ಟ. ಬಲ್ಬು ಕಣ್ಣು ಬಿಡಲಿಲ್ಲ.

"ಅರ್ತ್ ಇಲ್ಲಮ್ಮ. ನಾನು ಕೂರಿಸಲ್ಲ."

"ಅದಿಲ್ದಿದ್ರೆ ಮೆಷಿನ್ ಓಡಲ್ವಾ?" ಟೀಚರ್ ಕೇಳಿದರು.

"ಮೆಷಿನ್ ಓಡುತ್ತೆ. ಆಮೇಲೆ ಕಂಪನಿಯವರು ಕೇಳಿದ್ರೆ ನಾನೂ ಓಡಬೇಕಾಗುತ್ತೆ. ಯಾರಮ್ಮ ಇದನ್ನ ಹಾಕಿದ್ದು?"

ಹಾಕಿದವನು ಅಲ್ಲೇ ಬಾಗಿಲ ಬಳಿ ನಿಂತಿದ್ದ. ಕಂಪನಿಯವನು ಅವನಿಗೆ ಎರಡು ಮಾತಿನಲ್ಲಿ ಪಾಠ ಹೇಳಿದ. ಮೂರನೆಯ ತಂತಿ ಹೊರಗೆ ಮಣ್ಣಿನಲ್ಲಿ ಹೂತ ಪೈಪಿನವರೆಗೆ ಹೋಗಬೇಕು. ದಾರಿ ತಪ್ಪಿದ ಕರೆಂಟು ಮನುಷ್ಯರ ಮೈ ಹುಡುಕುವ ಬದಲು ಆ ತಂತಿ ಹಿಡಿದು ಮಣ್ಣಿಗೆ ಇಳಿಯಲಿ ಎಂದು ಅದನ್ನು ಇಡುವುದು. ಮಧ್ಯಾಹ್ನ ಬರುತ್ತೇನೆ, ಅಷ್ಟರಲ್ಲಿ ಸರಿ ಮಾಡಿಸಿ ಎಂದು ಹೇಳಿ ಊಟಕ್ಕೆ ಹೋದ.

ಟೀಚರ್ ಮೆಷಿನ್ನಿನ ಮುಚ್ಚಳದ ಮೇಲೆ ಬೆರಳು ಆಡಿಸುತ್ತ ನಿಂತರು. "ಏನಾದ್ರೂ ಮಾಡಪ್ಪ. ಈ ಕೈಯಲ್ಲಿ ಇನ್ನು ಒಂದು ಟವೆಲ್ ಕೂಡ ಹಿಂಡೋಕಾಗಲ್ಲ."

ಪಾಠ ಅರ್ಧರೇಟಿಗೆ ಅರ್ಥವಾಗಿರಲಿಲ್ಲ. ಬಲ್ಬು ಹೊತ್ತಬೇಕು ಎಂಬುದಷ್ಟೇ ಅರ್ಥವಾಗಿತ್ತು. ಸೀರಿಯಲ್ ಸೆಟ್ಟಿನಲ್ಲಿ ಹೊತ್ತದ ಬಲ್ಬನ್ನು ಹೊತ್ತಿಸುವುದು ಹೇಗೆಂದು ಅವನಿಗೆ ಗೊತ್ತಿತ್ತು: ವಾಪಸ್ಸು ಹೋಗುವ ದಾರಿ ತೋರಿಸಿದರೆ ಆಯಿತು. ಸಾಕೆಟ್ ಬಿಚ್ಚಿದ. ಚೀಲದಲ್ಲಿ ಉಳಿದಿದ್ದ ಹಳದಿ ತಂತಿಯಿಂದ ಬೆರಳುದ್ದದ ತುಂಡು ಕಚ್ಚಿ ತೆಗೆದ. ಕರೆಂಟು ವಾಪಸ್ಸು ಹೋಗುವ ತಂತಿಯಿಂದ, ಅಂದರೆ ನ್ಯೂಟ್ರಲ್‌ನಿಂದ, ಮೂರನೆಯ ತೂತಿಗೆ ಆ ತುಂಡನ್ನು ಬಿಗಿದು ಮುಚ್ಚಿದ. ಮಣ್ಣಿಲ್ಲ, ಪೈಪಿಲ್ಲ, ಗುಂಡಿಯಿಲ್ಲ. ಮಧ್ಯಾಹ್ನ ಕಂಪನಿಯವನು ಬಂದು ಬಲ್ಬು ಹಿಡಿದ. ಬಲ್ಬು ಝಗ್ಗೆಂದಿತು. ಅವನು ಸಹಿ ಹಾಕಿ ಹೋದ.

ಟೀಚರ್ ಅವತ್ತು ಮೂರು ಸಲ ಬಟ್ಟೆ ಒಗೆದರು, ಒಗೆದದ್ದನ್ನೇ. ಬೀದಿಯಲ್ಲಿ ಸಿಕ್ಕವರಿಗೆಲ್ಲ ಅವನ ಗುಣಗಾನ ಮಾಡಿದರು. ಮಗಳ ಮನೆಗೂ ಅವನನ್ನೇ ಕರೆಸಿದರು. ಹಾಗೆ ಆರು ವರ್ಷದಲ್ಲಿ ಆ ಹಳದಿ ತುಂಡು ಮೂವತ್ತೊಂಬತ್ತು ಮನೆಗಳಿಗೆ ಹೋಯಿತು: ಮೆಷಿನ್ನಿಗೆ, ಗೀಸರಿಗೆ, ಫ್ರಿಜ್ಜಿಗೆ. ಎಲ್ಲೂ ಏನೂ ಆಗಲಿಲ್ಲ. ಏನೂ ಆಗದಿದ್ದುದೇ ಅವನಿಗೆ ಸರ್ಟಿಫಿಕೇಟು.

ಏಳನೆಯ ವರ್ಷ ಟೀಚರ್ ಸತ್ತರು. ಬೆಳಿಗ್ಗೆ ಹತ್ತು ಗಂಟೆಗೆ ಮೆಷಿನ್ ಪಕ್ಕ ಕುಸಿದು ಬಿದ್ದಿದ್ದರಂತೆ. ವಯಸ್ಸು ಅರವತ್ತಾರು, ಡಾಕ್ಟರು ನಾಡಿ ಹಿಡಿದು, ಹೃದಯ ನಿಂತಿದೆ ಅಂದರು. ಹೃದಯ ನಿಂತದ್ದು ನಿಜವೇ ಆಗಿತ್ತು.

ಅರ್ಧರೇಟು ಮುಖ ನೋಡಲು ಹೋದ. ಹಜಾರದ ತುಂಬ ಜನ. ಪಕ್ಕದ ಮನೆಯ ಹೆಂಗಸು ಇನ್ನೊಬ್ಬರಿಗೆ ಹೇಳುತ್ತಿದ್ದಳು: "ನಾನೇ ಮೊದ್ಲು ನೋಡಿದ್ದು. ಎತ್ತೋಕೆ ಅಂತ ಮೆಷಿನ್ ಹಿಡ್ಕೊಂಡು ಬಗ್ಗಿದ್ರೆ ಕೈ ಜುಮ್ ಅಂತು ಕಣ್ರೀ. ಭಯಕ್ಕೇ ಇರಬೇಕು."

ಅವಳ ಕಾಲಲ್ಲಿ ರಬ್ಬರ್ ಚಪ್ಪಲಿ ಇದ್ದವು. ಅದು ಅವನ ಕಣ್ಣಿಗೆ ಬಿತ್ತು. ಯಾಕೆ ಬಿತ್ತು ಎಂದು ಅವನಿಗೇ ಗೊತ್ತಾಗಲಿಲ್ಲ.

ನೀರು ಕುಡಿಯುವ ನೆಪದಲ್ಲಿ ಹಿಂದಕ್ಕೆ ಹೋದ. ಮೆಷಿನ್ನಿನ ಸ್ವಿಚ್ ಆಫ್ ಆಗಿತ್ತು. ಟೀಚರ್ ಎಚ್ಚರದ ಹೆಂಗಸು. ಬಟ್ಟೆ ತೆಗೆಯುವ ಮುಂಚೆ ಆಫ್ ಮಾಡಿದ್ದರು. ಅವನು ಜೇಬಿನ ಟೆಸ್ಟರ್ ತೆಗೆದು ಮೆಷಿನ್ನಿನ ಮೈಗೆ ಮುಟ್ಟಿಸಿದ. ಟೆಸ್ಟರಿನ ಹೊಟ್ಟೆಯಲ್ಲಿ ಕೆಂಪು ದೀಪ ಎದ್ದು ಕೂತಿತು. ಸ್ವಿಚ್ ಆಫ್, ಮೆಷಿನ್ ಮೈತುಂಬ ಕರೆಂಟು. ಆಮೇಲೆ ಮುಂಬಾಗಿಲ ಪಕ್ಕದ ಮೀಟರ್ ನೋಡಲು ಹೋದ. ಮೀಟರ್ ಹೊಚ್ಚ ಹೊಸದು, ಮೇಲಿನ ಪ್ಲಾಸ್ಟಿಕ್ ಹಾಳೆ ಕೂಡ ಕಿತ್ತಿರಲಿಲ್ಲ.

"ಯಾವಾಗ ಹಾಕಿದ್ರು ಇದನ್ನ?" ಅಲ್ಲಿ ನಿಂತಿದ್ದವರನ್ನು ಕೇಳಿದ.

"ನಿನ್ನೆ ಸಂಜೆ. ಎಲ್ಲಾ ಬೀದಿಗೂ ಹೊಸದು ಹಾಕ್ತಿದಾರಲ್ಲ, ಗುತ್ತಿಗೆಯವರು."

ಆಗ ಅವನಿಗೆ ಆರು ವರ್ಷದ ಹಿಂದಿನ ಪಾಠ ತಲೆಗೆ ಹತ್ತಿತು. ಗುತ್ತಿಗೆಯವರು ಗಂಟೆಗೆ ಎಂಟು ಮನೆ ಮುಗಿಸುವ ಅವಸರದ ಜನ. ಬರುವ ತಂತಿಯನ್ನು ಹೋಗುವ ಜಾಗಕ್ಕೂ ಹೋಗುವುದನ್ನು ಬರುವ ಜಾಗಕ್ಕೂ ಬಿಗಿದು ಹೋಗಿದ್ದರು. ಹಾಗೆ ಅದಲುಬದಲಾದರೆ ದೀಪ ಉರಿಯುತ್ತದೆ, ಫ್ಯಾನು ತಿರುಗುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆದರೆ ಹಳದಿ ತುಂಡು ಇರುವ ಮನೆಯಲ್ಲಿ, ಅಲ್ಲಿಯವರೆಗೆ ಸತ್ತಂತೆ ಬಿದ್ದಿದ್ದ ವಾಪಸ್ಸಿನ ತಂತಿಗೆ ಜೀವ ಬರುತ್ತದೆ, ಅದು ನೇರವಾಗಿ ಮೆಷಿನ್ನಿನ ಮೈಗೆ ಇಳಿಯುತ್ತದೆ. ಸ್ವಿಚ್ ಆಫ್ ಮಾಡಿದರೂ ಇಳಿಯುತ್ತದೆ.

ಅವನು ಮೇನ್ ಆಫ್ ಮಾಡಿ, ಹಿಂದಕ್ಕೆ ಹೋಗಿ, ಸಾಕೆಟ್ ಬಿಚ್ಚಿ, ತನ್ನ ಹಲ್ಲಿನ ಗುರುತಿದ್ದ ತುಂಡನ್ನು ಕಿತ್ತು ಜೇಬಿಗೆ ಹಾಕಿಕೊಂಡ. ತಿರುಗಿದರೆ ಬಾಗಿಲಲ್ಲಿ ಟೀಚರ ಮಗಳು. ಅತ್ತು ಅತ್ತು ಮುಖ ಊದಿತ್ತು.

"ಏನ್ ಮಾಡ್ತಿದೀರಣ್ಣ ಇಲ್ಲಿ? ಕರೆಂಟ್ ಯಾಕೆ ಹೋಯ್ತು?"

"ಏನಿಲ್ಲಮ್ಮ. ಪ್ಲಗ್ ಸಡಿಲ ಇತ್ತು."

ಅವಳು ಅವನ ಜೇಬನ್ನು ಒಂದು ಗಳಿಗೆ ನೋಡಿ ಒಳಗೆ ಹೋದಳು.

ಅರ್ಧರೇಟು ಅಲ್ಲಿಂದ ಸೀದಾ ಅಂಗಡಿಗೆ ಬಂದ. ಗಿರಾಕಿಗಳು ಹೋಗುವವರೆಗೆ ಕಾದ. ಗಲ್ಲಾಪೆಟ್ಟಿಗೆಯ ಮುಂದಿನ ಗಾಜಿನ ಮೇಲೆ ಹಳದಿ ತುಂಡನ್ನು ಇಟ್ಟು ಎಲ್ಲವನ್ನೂ ಹೇಳಿದ. ಅಂಗಡಿಯವನು ಮೊದಲು ಮಾಡಿದ ಕೆಲಸ, ಆ ತುಂಡಿನ ಮೇಲೆ ಬಿಲ್ ಪುಸ್ತಕ ಮುಚ್ಚಿಟ್ಟದ್ದು.

"ಡಾಕ್ಟ್ರು ಹಾರ್ಟ್ ಅಂದಿದಾರಲ್ಲ," ಅಂದ. "ನೀನ್ಯಾಕೆ ಮೈಮೇಲೆ ಎಳ್ಕೋತೀಯ?"

"ಇನ್ನೂ ಮೂವತ್ತೆಂಟು ಮನೆ ಇದೆ ಅಣ್ಣ."

"ಅಲ್ಲೆಲ್ಲ ಅದಲುಬದಲು ಆಗೇ ಆಗುತ್ತೆ ಅಂತ ಏನಿದೆ?"

"ಒಂದು ಕಡೆ ಆದ್ರೂ ಸಾಕಲ್ಲ."

"ಕರೆಂಟ್ ಇಲಾಖೆಗೆ ಹೇಳಿದ್ರೆ ನಿನ್ನ ಒಳಗೆ ಹಾಕ್ತಾರೆ. ಬಾಯಿ ಮುಚ್ಕೊಂಡು ಹೋಗಿ ಒಂದೊಂದೇ ಬಿಚ್ಚು. ಸುದ್ದಿ ಮಾಡ್ಬೇಡ." ಅಂಗಡಿಯವನ ಕಣ್ಣು ಬೀದಿಯ ಕಡೆಗಿತ್ತು, ಯಾರಾದರೂ ಕೇಳಿಸಿಕೊಂಡರೇ ಎಂದು.

ಮೀಟರಿನವರು ದಿನಕ್ಕೊಂದು ಬೀದಿ ಮುಗಿಸುತ್ತಿದ್ದರು. ಅವರು ಮುಟ್ಟುವ ಮೊದಲು ಮೂವತ್ತೆಂಟು ಮನೆಗಳಿಂದಲೂ ಹಳದಿ ತುಂಡು ಹೊರಗೆ ಬರಬೇಕು. ಅವನ ಮುಂದಿದ್ದ ಕೆಲಸ ಇಷ್ಟೇ.

ಮನೆಗಳ ಪಟ್ಟಿ ಅವನಲ್ಲಿರಲಿಲ್ಲ. ಅದು ಇದ್ದದ್ದು ಹೆಂಡತಿಯ ತಲೆಯಲ್ಲಿ. ಅವಳು ದರ್ಜಿಯಿಂದ ಬಟ್ಟೆ ತಂದು ಗುಂಡಿ ಹೊಲಿಯುವವಳು; ಸಂಜೆ ಅವನು ಬಂದು ಆ ದಿನದ ಮನೆಯ ಸುದ್ದಿ ಹೇಳುತ್ತಿದ್ದ, ಅವಳು ಸೂಜಿ ಆಡಿಸುತ್ತ ಕೇಳುತ್ತಿದ್ದಳು. ಈ ಸಲ ಅವನು ಟೀಚರ ವಿಷಯ ಹೇಳಿದಾಗ ಸೂಜಿ ನಿಂತಿತು. ಆಮೇಲೆ ದಾರ ಕಡಿದು ಬಟ್ಟೆ ಪಕ್ಕಕ್ಕಿಟ್ಟಳು.

"ಬರ್ಕೋ," ಅಂದಳು. "ಗಿಣಿ ಸಾಕಿದ ತಾತ. ಸ್ಕ್ರೂ ಎಣಿಸಿ ಕೊಟ್ಟ ಅತ್ತೆ. ಟೀ ಕೇಳಿದ್ರೆ ನೀರು ಕೊಟ್ಟ ಮನೆ. ನೀರು ಕೇಳಿದ್ರೆ ಬೈದ ಮನೆ. ಸೊಸೆ ಹಾಡ್ತಿದ್ಲು ಅಂದ್ಯಲ್ಲ, ಆ ಮನೆ."

"ಅವಳು ಹಾಡಿದ್ದು ನಿನಗ್ಯಾಕೆ ನೆನಪಿದೆ?"

"ನೀನು ಅವತ್ತು ಊಟ ಮಾಡ್ತಾ ಗುನುಗಿದ್ದಕ್ಕೆ. ಬರ್ಕೋ, ಮಾತಾಡ್ಬೇಡ."

ಮೂವತ್ತೆಂಟನ್ನೂ ಹೇಳಿದಳು. ಕೊನೆಗೆ, "ಅರ್ಧ ರೇಟಿಗೆ ಮಾಡಿದ್ದಕ್ಕೆ ಅರ್ಧ ತಪ್ಪು ಅಂತ ಯಾರೂ ಬಿಡಲ್ಲ," ಅಂದಳು. ಅದು ಕುಹಕವಲ್ಲ. ಹಾಗೆ ಹೇಳುವಾಗ ಅವಳು ಅವನ ಕೈ ಹಿಡಿದುಕೊಂಡಿದ್ದಳು.

ಮಾರನೆಯ ದಿನ ಬೆಳಿಗ್ಗೆ ಗಿಣಿ ತಾತನ ಬಾಗಿಲು ತಟ್ಟಿದ. "ಸಾಕೆಟ್ ಒಂದ್ಸಲ ನೋಡಿ ಹೋಗ್ತೀನಿ ತಾತ. ಏನೂ ಕೊಡೋದು ಬೇಡ."

"ಏನೂ ಬೇಡವಾ?" ತಾತ ಬಾಗಿಲನ್ನು ಇನ್ನಷ್ಟು ಮುಂದೆ ಮಾಡಿದರು. "ಯಾಕೆ ಬೇಡ?"

"ಸುಮ್ನೆ. ನಾನೇ ತಾನೆ ಹಾಕಿದ್ದು."

"ಸುಮ್ನೆ ಬಂದವನು ಸುಮ್ನೆ ಹೋಗಲ್ಲ. ಒಳಗೆ ಬಂದು ಅದು ಹೋಗಿದೆ ಇದು ಹೋಗಿದೆ ಅಂತ ಪಟ್ಟಿ ಹಾಕ್ತೀಯ. ನನಗೆ ಗೊತ್ತಿಲ್ವಾ ನಿಮ್ಮ ಆಟ?"

ಹೀಗೆ ಐದು ಮನೆಗಳಲ್ಲಿ ಬಾಗಿಲು ಮುಖಕ್ಕೆ ಬಿತ್ತು. ಮಧ್ಯಾಹ್ನ ಅಂಗಡಿಗೆ ಬಂದು ಕೂತ. ಅಂಗಡಿಯವನಿಗೆ ಜನರ ಈ ಗುಣ ಗೊತ್ತಿತ್ತು: ಅರ್ಧ ಬೆಲೆಯನ್ನು ಕಣ್ಣುಮುಚ್ಚಿ ನಂಬುವವರು ಪುಕ್ಕಟೆಯನ್ನು ಕಂಡರೆ ಪೊಲೀಸರಾಗುತ್ತಾರೆ. "ರೇಟು ಹೇಳು," ಅಂದ. "ಮೀಟರಿನವರು ಬರ್ತಿದಾರೆ, ಮುಂಚೆ ಚೆಕ್ ಮಾಡಿಸಬೇಕು ಅನ್ನು. ದೊಡ್ಡ ರೇಟು ಹೇಳು. ಅವರು ಇಳಿಸ್ತಾರೆ. ಇಳಿಸಿದ ಖುಷಿಗೆ ಬಾಗಿಲು ತೆಗೀತಾರೆ."

ಹಾಗೆಯೇ ಆಯಿತು. ಗಿಣಿ ತಾತ ಕಾಲು ಗಂಟೆ ಚೌಕಾಸಿ ಮಾಡಿ, ಗೆದ್ದು, ತಾವೇ ಸ್ಟೂಲ್ ಎಳೆದು ಕೊಟ್ಟರು. ಸ್ಕ್ರೂ ಎಣಿಸುವ ಅತ್ತೆ ಈ ಸಲವೂ ಎಣಿಸಿ ಇಸಿದುಕೊಂಡರು. ಒಳಗಿಂದ ಬಂದ ಹಳದಿ ತುಂಡನ್ನೂ ಕೇಳಿದರು. "ನಮ್ಮನೆ ಸಾಮಾನು ತಾನೆ ಅದು?" ಅಂದರು. "ಅಲ್ಲಮ್ಮ, ನಂದು," ಅಂದ. ಇಸಿದುಕೊಂಡ ಕೂಲಿಯನ್ನು ಅವನು ಹೊರಡುವಾಗ ಆಯಾ ಮನೆಯ ಬಾಗಿಲ ಕೆಳಗೆ ತಳ್ಳಿ ಬರುತ್ತಿದ್ದ. ಆ ಅತ್ತೆ ಅದನ್ನೂ ಎಣಿಸಿದ್ದರೆ ಆಶ್ಚರ್ಯವಿಲ್ಲ.

ಬಿಚ್ಚುವುದು ಎರಡು ನಿಮಿಷದ ಕೆಲಸ. ಆದರೆ ಪ್ರತಿ ಮನೆಯಲ್ಲೂ ಸ್ಕ್ರೂಡ್ರೈವರ್ ಸಾಕೆಟ್ಟಿಗೆ ಇಟ್ಟ ಕೂಡಲೇ ಟಕಟಕ ಕೇಳುತ್ತಿತ್ತು. ಮೊದಲ ದಿನ ನಲ್ಲಿ ತೊಟ್ಟಿಕ್ಕುತ್ತಿದೆ ಅಂದುಕೊಂಡ. ಹೋಗಿ ನೋಡಿದ, ನಲ್ಲಿ ಒಣಗಿತ್ತು. ಇನ್ನೊಂದು ಮನೆಯಲ್ಲಿ ಗಡಿಯಾರವಿರಬೇಕು ಅಂದುಕೊಂಡ. ಗೋಡೆಯ ಮೇಲೆ ಗಡಿಯಾರ ಇರಲಿಲ್ಲ. ಅದು ಒಂದೇ ಸಮನೆ ಬರುವ ಸದ್ದಲ್ಲ. ಒಂದಷ್ಟು ಬೇಗಬೇಗ, ಆಮೇಲೆ ಒಂದು ಬಿಡುವು, ಸಾಲು ಮುಗಿದು ಹೊಸ ಸಾಲಿಗೆ ಹೋದ ಹಾಗೆ. ತುಂಡು ಕೈಗೆ ಬಂದ ಕೂಡಲೇ ನಿಲ್ಲುತ್ತಿತ್ತು. ಹಾಡುವ ಸೊಸೆಯ ಮನೆಯಲ್ಲಿ ಅವನು ಕೇಳಿಯೇಬಿಟ್ಟ: "ಯಾರಾದ್ರೂ ಟೈಪ್ ಮಾಡ್ತಿದಾರಾ ಇಲ್ಲಿ?" ಆ ಹುಡುಗಿ ಹಾಡು ನಿಲ್ಲಿಸಿ, ಇಲ್ಲವಲ್ಲ ಎಂದು ಅವನ ಮುಖ ನೋಡಿದಳು. ಅವಳು ಒದ್ದೆ ಕೈಯಲ್ಲಿ ಫ್ರಿಜ್ಜಿನ ಹಿಡಿ ಹಿಡಿದಿದ್ದಳು.

ಮನೆಯಲ್ಲಿ ಅವನು ಮಿಕ್ಸರ್ ಮುಟ್ಟುವುದನ್ನು ಬಿಟ್ಟ. ತಣ್ಣೀರಲ್ಲಿ ಸ್ನಾನ ಮಾಡುತ್ತಿದ್ದ. ಒಮ್ಮೆ ಊಟದ ನಡುವೆ ಹೆಂಡತಿ, "ಯಾಕೆ ಹಾಗೆ ಮಾಡ್ತೀಯ?" ಎಂದು ಕೇಳಿದಳು. ನೋಡಿಕೊಂಡರೆ ಅವನದೇ ಎಡಗೈಯ ಬೆರಳುಗಳು ತೊಡೆಯ ಮೇಲೆ ಟಕಟಕ ಆಡುತ್ತಿದ್ದವು. ಯಾವಾಗಿನಿಂದ ಎಂದು ಕೇಳಿದ. "ಒಂದು ವಾರದಿಂದ," ಅಂದಳು.

ಒಂಬತ್ತು ದಿನದಲ್ಲಿ ಮೂವತ್ತೇಳು ಮನೆ ಮುಗಿದವು. ಮೂರು ಕಡೆ ಅವನಿಗಿಂತ ಮುಂಚೆ ಮೀಟರಿನವರು ಬಂದು ಹೋಗಿದ್ದರು. ಆ ಮೂರರಲ್ಲಿ ತಂತಿ ಸರಿಯಾಗಿ ಬಿಗಿದಿದ್ದರು. ಅದು ಅವನ ಬುದ್ಧಿಯಲ್ಲ, ಅದೃಷ್ಟ. ಉಳಿದದ್ದು ಒಂದೇ: ಟೀಚರ ಮಗಳ ಮನೆ. ಅಲ್ಲಿಗೆ ಅವನು ಮೊದಲೇ ಹೋಗಬಹುದಿತ್ತು. ಹೋಗಲಿಲ್ಲ. ಪಟ್ಟಿಯಲ್ಲಿ ಅದನ್ನು ದಿನವೂ ಕೆಳಗೆ ತಳ್ಳುತ್ತ ಬಂದ. ಹೆಂಡತಿ ನೋಡಿಯೂ ಸುಮ್ಮನಿದ್ದಳು. ಹತ್ತನೆಯ ದಿನ ಬೆಳಿಗ್ಗೆ ಮಾತ್ರ, "ಇವತ್ತು ಮೀಟರಿನವರು ಆ ಬೀದಿಗೆ ಬರ್ತಾರಂತೆ," ಎಂದು ಹೇಳಿ ಅವನ ಚೀಲವನ್ನು ಬಾಗಿಲಲ್ಲಿ ಇಟ್ಟಳು.

ಬೀದಿಯ ತುದಿಯಲ್ಲಿ ಮೀಟರಿನವರ ವ್ಯಾನ್ ನಿಂತಿತ್ತು. ಇಬ್ಬರು ಮೊದಲ ಮನೆಯ ಗೋಡೆಗೆ ಏಣಿ ಒರಗಿಸುತ್ತಿದ್ದರು. ಮಗಳ ಮನೆ ಆರನೆಯದು. ಕಬ್ಬಿಣದ ಬಾಗಿಲಿಗೆ ಒಳಗಿಂದ ಬೀಗ. ಅವಳು ಬಂದು ಸರಳುಗಳ ಆಚೆ ನಿಂತಳು.

"ಸಾಕೆಟ್ ಚೆಕ್ ಮಾಡ್ಬೇಕಿತ್ತಮ್ಮ. ಮೀಟರಿನವರು..."

"ರೇಟು ಎಷ್ಟು?"

ಅವನು ಬಾಯಿಪಾಠ ಮಾಡಿದ್ದ ರೇಟು ಹೇಳಿದ. ಅವಳು ಚೌಕಾಸಿ ಮಾಡಲಿಲ್ಲ.

"ಕೊಡ್ತೀನಿ. ಮೊದ್ಲು ಒಂದು ಹೇಳಿ. ಅವತ್ತು ನಮ್ಮಮ್ಮನ ಮೆಷಿನ್ ಹತ್ರ ಏನು ಕಿತ್ತು ಜೇಬಿಗೆ ಹಾಕ್ಕೊಂಡ್ರಿ?"

ಬೀದಿಯ ತುದಿಯಲ್ಲಿ ಏಣಿ ಎರಡನೆಯ ಮನೆಗೆ ಬಂತು.

"ಅಮ್ಮಾ, ಮೊದ್ಲು ಒಳಗೆ ಬಿಡಿ. ಆಮೇಲೆ ಹೇಳ್ತೀನಿ."

"ಆಮೇಲೆ ನೀವು ಹೇಳಲ್ಲ. ಅವತ್ತಿಂದ ಹತ್ತು ದಿನ ಆಯ್ತು. ಊರಿನ ಎಲ್ಲರ ಮನೆಗೂ ಹೋಗಿದೀರಿ, ನಮ್ಮನೆಗೆ ಮಾತ್ರ ಬಂದಿಲ್ಲ. ನಾನು ದಿನಾ ಕಾಯ್ತಿದ್ದೆ."

"ಪ್ಲಗ್ ಸಡಿಲ..."

"ಅಣ್ಣ." ಅವಳು ಬೀಗದ ಕೈಯನ್ನು ತೋರಿಸಿದಳು, ಅವಳ ಮುಷ್ಟಿಯಲ್ಲೇ ಇತ್ತು. "ನನಗೆ ಇನ್ನೇನೂ ಬೇಡ. ಅಮ್ಮ ಬೀಳೋ ಮುಂಚೆ ಏನಾಯ್ತು ಅಂತ ಗೊತ್ತಾಗ್ಬೇಕು. ನಾನು ಅವತ್ತು ಬೆಳಿಗ್ಗೆ ಫೋನಲ್ಲಿ ಅವರ ಜೊತೆ ಜಗಳ ಆಡಿದ್ದೆ. ಹಾರ್ಟ್ ಅಂದ್ರು. ನನ್ನಿಂದಾನೇ ಹಾರ್ಟ್ ನಿಂತಿದ್ದು ಅಂತ ಅಂದ್ಕೊಂಡಿದೀನಿ."

ಏಣಿ ಮೂರನೆಯ ಮನೆಗೆ ಬಂತು.

ಅರ್ಧರೇಟು ಇಲ್ಲಿಯವರೆಗೆ ತಾನು ಕಿತ್ತದ್ದು ತಂತಿ ಮಾತ್ರ ಅಂದುಕೊಂಡಿದ್ದ. ಅವಳ ತಾಯಿ ಹೇಗೆ ಸತ್ತರು ಎಂಬುದನ್ನೂ ತಾನು ಜೇಬಿಗೆ ಹಾಕಿಕೊಂಡು ತಿರುಗುತ್ತಿರುವುದು ಈಗ ತಿಳಿಯಿತು. ಅವನು ಚೀಲ ಕೆಳಗಿಟ್ಟ.

"ನಿಮ್ಮಿಂದ ಅಲ್ಲಮ್ಮ," ಅಂದ. "ನನ್ನಿಂದ."

ಸರಳುಗಳ ಈಚೆ ನಿಂತೇ ಎಲ್ಲವನ್ನೂ ಹೇಳಿದ. ಬಲ್ಬು, ಹಳದಿ ತುಂಡು, ಹೊಸ ಮೀಟರು, ಟೆಸ್ಟರಿನಲ್ಲಿ ಎದ್ದು ಕೂತ ಕೆಂಪು ದೀಪ. ನಿಮ್ಮ ತಾಯಿ ಸ್ವಿಚ್ ಆಫ್ ಮಾಡಿದ್ದರು, ಅವರ ಕಡೆಯಿಂದ ಏನೂ ತಪ್ಪಿರಲಿಲ್ಲ ಎಂದೂ ಹೇಳಿದ. ನಿಮ್ಮ ಮನೆಯಲ್ಲೂ ಅಂಥದೇ ಎರಡಿವೆ, ಬಚ್ಚಲ ಗೀಸರಿನ ಹಿಂದೆ ಒಂದು, ಫ್ರಿಜ್ಜಿನ ಹಿಂದೆ ಒಂದು ಅಂದ. ಏಣಿ ನಾಲ್ಕನೆಯ ಮನೆಯಲ್ಲಿತ್ತು. ಪಕ್ಕದ ಮನೆಯವರು ಕಿಟಕಿಗೆ ಬಂದು ಕೇಳುತ್ತಿದ್ದರು. ಅವನು ದನಿ ತಗ್ಗಿಸಲಿಲ್ಲ.

ಅವಳು ತಿರುಗಿ ಒಳಗೆ ಹೋದಳು. ಬರುವುದಿಲ್ಲವೇನೋ ಅಂದುಕೊಂಡ. ಒಳಗೆ ಫ್ಯಾನಿನ ಸದ್ದು ನಿಧಾನವಾಗಿ ನಿಂತಿತು. ಅವಳೇ ಮೇನ್ ಆಫ್ ಮಾಡಿದ್ದಳು. ಬಂದು ಬೀಗ ತೆಗೆದಳು.

ಅವನು ಎರಡನ್ನೂ ಕಿತ್ತ. ಆ ಮನೆಯಲ್ಲಿ ಏನೂ ಕೇಳಿಸಲಿಲ್ಲ. ಎರಡು ತುಂಡುಗಳನ್ನೂ ಅವಳ ಅಂಗೈಯಲ್ಲಿ ಇಟ್ಟ. ಅವಳು ಅವುಗಳನ್ನು ನೋಡಿ, "ಇಷ್ಟೇನಾ?" ಎಂದು ಕೇಳಿದಳು.

"ಇಷ್ಟೇ."

"ನಾನು ಇದನ್ನ ಪೊಲೀಸರಿಗೆ ಕೊಡ್ತೀನಿ."

"ಕೊಡಿ. ನಾನೂ ಬರ್ತೀನಿ."

ಮೀಟರಿನವರು ಬಾಗಿಲಿಗೆ ಬಂದಾಗ ಇಬ್ಬರೂ ಹೊರಡುತ್ತಿದ್ದರು. ಅವಳು ಅವರಿಗೆ, "ಯಾವ ತಂತಿ ಎಲ್ಲಿಗೆ ಅಂತ ನೋಡಿ ಹಾಕಿ. ನಾನು ಬಂದು ಚೆಕ್ ಮಾಡಿಸ್ತೀನಿ," ಅಂದಳು. ಹೀಗೆ ಯಾರೂ ಅವರಿಗೆ ಹೇಳಿರಲಿಲ್ಲವೆಂದು ಕಾಣುತ್ತದೆ. ಏಣಿ ಹತ್ತಿದವನು ಇಳಿದು ಬಂದು ಮತ್ತೊಮ್ಮೆ ನೋಡಿ ಹತ್ತಿದ.

ಅರ್ಧರೇಟು ಏಳು ತಿಂಗಳು ಒಳಗಿದ್ದ. ತಾನಾಗಿ ಬಂದು ಹೇಳಿದ, ಮೂವತ್ತೆಂಟು ಮನೆ ಬಿಚ್ಚಿದ ಎಂದು ಮಗಳೇ ಸಾಕ್ಷಿ ನುಡಿದದ್ದರಿಂದ ಅಷ್ಟಕ್ಕೇ ಮುಗಿಯಿತು. ಗುತ್ತಿಗೆಯವರು ಹಾಕಿದ ಮೀಟರುಗಳನ್ನೆಲ್ಲ ಇಲಾಖೆ ಮತ್ತೆ ಪರೀಕ್ಷೆ ಮಾಡಿಸಿತು. ಈಗ ಅವನು ಸರ್ಟಿಫಿಕೇಟ್ ಸಾಹೇಬರ ಕೈಕೆಳಗೆ ಅರ್ತ್ ಪೈಪಿಗೆ ಗುಂಡಿ ತೋಡುತ್ತಾನೆ. ತಂತಿ ಮುಟ್ಟುವುದಿಲ್ಲ. ಗುಂಡಿ ಎದೆಯುದ್ದ ಆಗುವವರೆಗೆ ಮೇಲೆ ಬರುವುದಿಲ್ಲ. ಸಾಕು ಬಾರೋ ಎಂದು ಸಾಹೇಬರು ಕರೆದರೂ ಇನ್ನೊಂದು ಗೇಣು ತೋಡುತ್ತಾನೆ. ಬೆರಳುಗಳು ಈಗಲೂ ಒಮ್ಮೊಮ್ಮೆ ಸನಿಕೆಯ ಹಿಡಿಯ ಮೇಲೆ ಆಡುತ್ತವೆ. ಇದರಲ್ಲಿ ಬಹುಪಾಲು ಅವನೇ ಗುಂಡಿಯೊಳಗಿನಿಂದ ತಲೆ ಎತ್ತದೆ ಹೇಳಿದ್ದು.

ಒಂದನ್ನು ಮಾತ್ರ ಅವನು ಹೇಳಿಲ್ಲ. ವಿಚಾರಣೆಯ ದಿನ ಇನ್ಸ್‌ಪೆಕ್ಟರ್ ಅವನನ್ನು ಕೇಳಿದ್ದರು: "ಲೈಸೆನ್ಸ್ ಇ‌ಲ್ಲದ ನಿನ್ನನ್ನ ಆ ಮನೆಗಳಿಗೆ ಕಳಿಸಿದ್ದು ಯಾರು?"

"ಯಾರೂ ಇಲ್ಲ ಸಾರ್. ನಾನೇ ಕೇಳ್ಕೊಂಡು ಹೋಗ್ತಿದ್ದೆ."

ಅಂಗಡಿಯವನು ಅದೇ ಕೋಣೆಯ ಬೆಂಚಿನ ಮೇಲೆ ಕೂತಿದ್ದ. ಅವನನ್ನು ಕರೆಸಿದ್ದು, ಆ ಹಳದಿ ತಂತಿ ಅವನ ಅಂಗಡಿಯದೋ ಅಲ್ಲವೋ ಎಂದು ಕೇಳಲು. ಅಲ್ಲ ಎಂದು ಹೇಳಿ, ಅದು ನಿಜವೂ ಆಗಿದ್ದರಿಂದ, ಎದ್ದು ಬಂದ. ಅರ್ಧರೇಟು ತಿರುಗಿ ನೋಡಲಿಲ್ಲ.

ಆ ಮೂವತ್ತೊಂಬತ್ತು ಮನೆಗಳಲ್ಲಿ ಇಪ್ಪತ್ತಾರಕ್ಕೆ ಅವನನ್ನು ಕಳಿಸಿದವನು ಇದನ್ನು ಬರೆದವನು. ಮೊದಲನೆಯದು ಟೀಚರ ಮನೆ. ಕೆಲಸ ಗೊತ್ತಿಲ್ಲ ಎಂದು ತಿಳಿದೇ ಕಳಿಸಿದ. ಈ ಮಾತನ್ನು ಅವತ್ತು ಆ ಕೋಣೆಯಲ್ಲಿ ಎದ್ದು ಹೇಳುವುದು ಬರೆದವನ ಮೇಲಿದ್ದ ಋಣ. ಅದು ಇನ್ನೂ ತೀರಿಲ್ಲ.